ಎಳೆಯುವ ಮೊದಲು ಒಂದು ಪ್ರಶ್ನೆ

ಕೆಟ್ಟು ನಿಂತ ಲಾರಿಯನ್ನು ಎಳೆದೊಯ್ಯುವುದು ಕೇವಲ ಬಲದ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಲಾರಿ ಸೇನೆಯಿಂದ ಹರಾಜಿನಲ್ಲಿ ಬಂದದ್ದಾದರಂತೂ ಕೇಳುವುದೇ ಬೇಡ. "ಮಿಲಿಟರಿ ಗಾಡಿ ಸಾರ್, ಅದಕ್ಕೇನೂ ಆಗುವುದಿಲ್ಲ, ಹಗ್ಗ ಕಟ್ಟಿ ಎಳೆದರಾಯಿತು" ಎಂಬ ಮಾತನ್ನು ಎಷ್ಟೋ ಬಾರಿ ಕೇಳಿದ್ದೇನೆ. ಈ ಮಾತು ಮನುಷ್ಯರ ಪ್ರಾಣಕ್ಕೆ ಎರವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಇದನ್ನು ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಸೇನೆ ಮಾರಿದ ಎಂ-35 ಲಾರಿಯೊಂದನ್ನು ತನ್ನ ಜಮೀನಿನ ಕೆಲಸಕ್ಕೆಂದು ಕೊಂಡಿದ್ದಾನೆ. ಇನ್ನೊಬ್ಬನ ಬಳಿ ಮಲೆನಾಡಿನಲ್ಲಿ ಹಳೆಯ ಶಕ್ತಿಮಾನ್ ಇದೆ. ಇಬ್ಬರೂ ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆ ಕೇಳಿದರು: "ದಾರಿಯಲ್ಲಿ ನಿಂತುಬಿಟ್ಟರೆ ಎಳೆದು ತರಬಹುದಲ್ಲವೇ ಸಾರ್?" ಭೌತಶಾಸ್ತ್ರದ ಮೇಷ್ಟರಿಗೆ ಇಂಥ ಪ್ರಶ್ನೆ ಬಂದರೆ ಉತ್ತರ ಉದ್ದವಾಗುವುದು ಸಹಜ.

ಮೊದಲು ಈ ಲಾರಿಗಳ ಹುಟ್ಟನ್ನು ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಮೊದಲ್ಗೊಂಡು, ಅಮೆರಿಕದ ಜಿ.ಎಂ.ಸಿ. ಸಂಸ್ಥೆ ಎರಡೂವರೆ ಟನ್ನಿನ ಆರು ಚಕ್ರಚಾಲನೆಯ ಲಾರಿಗಳನ್ನು ಐದೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. 1944ರಲ್ಲಿ ಫ್ರಾನ್ಸಿನ ರಣರಂಗಕ್ಕೆ ಇಂಧನ, ಮದ್ದುಗುಂಡುಗಳನ್ನು ಹಗಲಿರುಳು ಹೊತ್ತದ್ದು ಇಂಥ ಲಾರಿಗಳೇ. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಅಮೆರಿಕದ ಯುದ್ಧ ಸಾಮಗ್ರಿಯ ಬಗ್ಗೆ 1946ರಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಅಮೆರಿಕದಲ್ಲಿ 1950ರ ದಶಕದಲ್ಲಿ ಹಳೆಯ ಲಾರಿಯ ಸ್ಥಾನಕ್ಕೆ ಎಂ-35 ಬಂದಿತು. ನಮ್ಮಲ್ಲಿ 1959ರಲ್ಲಿ ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿ ಪಡೆದು ಜಬಲ್ಪುರದಲ್ಲಿ ಶಕ್ತಿಮಾನ್ ತಯಾರಾಗತೊಡಗಿತು.

ಇವೆಲ್ಲ ಗಟ್ಟಿಯಾದ ಯಂತ್ರಗಳೆಂಬುದು ನಿಜ. ಆದರೆ ಇವು ಒಂಟಿಯಾಗಿ ಬಾಳಲೆಂದು ನಿರ್ಮಿತವಾದವುಗಳಲ್ಲ. ಸೇನೆಯಲ್ಲಿ ಪ್ರತಿ ಲಾರಿಯ ಹಿಂದೆ ತರಬೇತಿ ಪಡೆದ ಚಾಲಕ, ಕಾರ್ಯಾಗಾರ, ಬಿಡಿಭಾಗಗಳ ದಾಸ್ತಾನು, ಕೆಟ್ಟ ಗಾಡಿಯನ್ನು ಎತ್ತಿ ತರುವ ರಿಕವರಿ ವಾಹನ ಇರುತ್ತವೆ. ಹರಾಜಿನಲ್ಲಿ ಲಾರಿ ಮಾತ್ರ ನಮ್ಮ ಕೈಗೆ ಬರುತ್ತದೆ. ಅದರ ಹಿಂದಿದ್ದ ವ್ಯವಸ್ಥೆ ಸೇನೆಯಲ್ಲೇ ಉಳಿಯುತ್ತದೆ. ಆ ಕೊರತೆಯನ್ನು ಕೊಂಡವನ ತಿಳುವಳಿಕೆಯೇ ತುಂಬಬೇಕು.

ಆದುದರಿಂದ ಲಾರಿ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾರು ಎಳೆಯುತ್ತಾರೆ?" ಎಂಬುದಲ್ಲ, "ಏಕೆ ನಿಂತಿತು?" ಎಂಬುದು. ಎಂ-35ರ ಎ2 ಮಾದರಿಯನ್ನೇ ತೆಗೆದುಕೊಳ್ಳಿ. ಅದರದು 24 ವೋಲ್ಟಿನ ವಿದ್ಯುತ್ ವ್ಯವಸ್ಥೆ. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ತುದಿಗೆ ಹಸಿರು ಕಿಲುಬು ಹಿಡಿದರೂ ಸ್ಟಾರ್ಟರ್ ನರಳುತ್ತದೆ. ಬ್ಯಾಟರಿ ಸರಿಯಿದ್ದು ಎಂಜಿನ್ ತಿರುಗಿಯೂ ಹತ್ತದಿದ್ದರೆ ಡೀಸೆಲ್ ಕಡೆ ನೋಡಬೇಕು. ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇದೆ. ಸ್ವಿಚ್ ಹಾಕಿದಾಗ ಅದರ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತದೆಯೇ? ಫಿಲ್ಟರುಗಳಲ್ಲಿ ನೀರು, ಕೆಸರು ಕೂತಿದೆಯೇ? ಪೈಪಿನಲ್ಲಿ ಏರ್ ಹಿಡಿದಿದೆಯೇ? ಇನ್ನೂ ಸರಳವಾದ ಕಾರಣವೊಂದಿದೆ. ಈ ಎಂಜಿನ್ನನ್ನು ನಿಲ್ಲಿಸುವುದು ಕೈಯಿಂದ ಎಳೆಯುವ ಒಂದು ಕೇಬಲ್ಲಿನಿಂದ. ತುಕ್ಕು ಹಿಡಿದ ಕೇಬಲ್ ಪೂರ್ತಿ ಹಿಂದಕ್ಕೆ ಸರಿಯದಿದ್ದರೆ ಎಷ್ಟು ಸ್ಟಾರ್ಟರ್ ಹೊಡೆದರೂ ಎಂಜಿನ್ನಿಗೆ ಇಂಧನ ದೊರೆಯುವುದಿಲ್ಲ. ಹತ್ತು ನಿಮಿಷದ ಪರೀಕ್ಷೆಯಿಂದ ಹತ್ತು ಮೈಲಿಯ ಎಳೆದಾಟ ತಪ್ಪಬಹುದು.

ಎಳೆಯಲೇಬೇಕಾಗಿ ಬಂದರೆ? ಆಗ ಗೇರ್ ಬಾಕ್ಸಿನ ಒಳಗೆ ಏನಾಗುತ್ತದೆ ಎಂಬುದನ್ನು ಅರಿತಿರಬೇಕು. ಎಂಜಿನ್ ಓಡುವಾಗ ಕೆಳಗಿನ ಶಾಫ್ಟಿನ ಹಲ್ಲುಗಾಲಿಗಳು ಎಣ್ಣೆಯಲ್ಲಿ ಮುಳುಗೇಳುತ್ತ ಮೇಲಿನ ಭಾಗಗಳಿಗೆ ಎಣ್ಣೆ ಎರಚುತ್ತವೆ. ಎಂಜಿನ್ ನಿಂತು, ಗೇರು ನ್ಯೂಟ್ರಲ್‌ನಲ್ಲಿದ್ದು, ಚಕ್ರಗಳಷ್ಟೇ ಉರುಳಿದರೆ ಹಿಂಬದಿಯ ಶಾಫ್ಟ್ ತಿರುಗುತ್ತದೆ, ಎಣ್ಣೆ ಎರಚುವ ಶಾಫ್ಟ್ ತಿರುಗುವುದಿಲ್ಲ. ಒಣ ಬೇರಿಂಗುಗಳು ಕಾದು ಸುಟ್ಟುಹೋಗುತ್ತವೆ. ದೂರ ಎಳೆಯುವುದಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕೆಂಬ ನಿಯಮ ಬಂದದ್ದು ಇದಕ್ಕಾಗಿಯೇ.

ಆದರೆ ಇಲ್ಲಿಯೇ ಎರಡನೆಯ ಅಪಾಯ ಅಡಗಿದೆ. ಎಂ-35ರ ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹಿಡಿಯುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮರುಕ್ಷಣ ಹ್ಯಾಂಡ್ ಬ್ರೇಕಿಗೂ ಹಿಂಚಕ್ರಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಚಕ್ರಕ್ಕೆ ಕಲ್ಲು ಕೊಡದೆ ಇಳಿಜಾರಿನಲ್ಲಿ ಲಾರಿಯ ಕೆಳಗೆ ಮಲಗಿ ಬೋಲ್ಟ್ ಬಿಚ್ಚುವವನ ಮೇಲೆ ಸುಮಾರು ಆರು ಟನ್ ಭಾರ ಉರುಳುತ್ತದೆ. ಕಾಲುಬ್ರೇಕಿನ ಕಥೆಯೂ ಹೀಗೆಯೇ. ಅದು ಗಾಳಿಯ ಸಹಾಯ ಪಡೆಯುವ ಹೈಡ್ರಾಲಿಕ್ ಬ್ರೇಕು. ಎಂಜಿನ್ ನಿಂತರೆ ಕಂಪ್ರೆಸರ್ ನಿಂತಿತು. ಟ್ಯಾಂಕಿನ ಗಾಳಿ ಮುಗಿದ ಮೇಲೆ ಪೆಡಲು ಕಲ್ಲಿನಂತಾಗುತ್ತದೆ.

ಇದೇ ಸೇನೆಯ ಐದು ಟನ್ನಿನ ಎಂ-939 ಸರಣಿಯಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಏರ್ಪಾಡಿದೆ. ಗಾಳಿ ಹೋದೊಡನೆ ಬಲವಾದ ಸ್ಪ್ರಿಂಗುಗಳು ಹಿಂಚಕ್ರಗಳನ್ನು ಬಿಗಿಯುತ್ತವೆ. ಅದನ್ನು ಹಾಗೆಯೇ ಎಳೆದರೆ ಟೈರು ಉಜ್ಜಿ ಹೊಗೆಯಾಡುತ್ತದೆ. ಬೋಲ್ಟ್ ಹಾಕಿ ಸ್ಪ್ರಿಂಗನ್ನು ಹಿಂದಕ್ಕೆಳೆದು ಬಂಧಿಸಿದರೆ ಚಕ್ರ ಬಿಡುಗಡೆಯಾಗುತ್ತದೆ. ಆದರೆ ಎಳೆಯುವ ಗಾಡಿಯಿಂದ ಗಾಳಿಯ ಪೈಪು ಜೋಡಿಸದಿದ್ದರೆ ಹಿಂದಿನ ಲಾರಿಗೆ ಬ್ರೇಕೇ ಇಲ್ಲ. ಆ ಸ್ಪ್ರಿಂಗ್ ಇರುವ ಡಬ್ಬಿಯನ್ನೇ ಬಿಚ್ಚಲು ಹೊರಟರಂತೂ ಅದು ಸಿಡಿದು ಆಳನ್ನೇ ಕೊಲ್ಲಬಲ್ಲದು. ಒಂದೇ ಸೇನೆಯ ಎರಡು ಲಾರಿಗಳ ಸ್ವಭಾವ ಇಷ್ಟು ಭಿನ್ನವಾಗಿರುವಾಗ "ಎಲ್ಲಾ ಮಿಲಿಟರಿ ಗಾಡಿಯೂ ಒಂದೇ" ಎನ್ನುವುದು ಎಷ್ಟರ ಮಟ್ಟಿಗೆ ಸರಿ?

ಈ ಎಲ್ಲ ವಿವರಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಎಳೆಸಿಕೊಳ್ಳುವ ಲಾರಿಯ ಸ್ಟೀರಿಂಗ್ ಹಿಡಿದು ಕೂರುವವರು ಯಾರು? ಅನುಭವಿ ಚಾಲಕ ಮುಂದಿನ ಗಾಡಿಯಲ್ಲಿರುತ್ತಾನೆ. ಹಿಂದೆ, ಬ್ರೇಕಿಲ್ಲದ ಗಾಡಿಯಲ್ಲಿ, ಕ್ಲೀನರ್ ಹುಡುಗನನ್ನು ಕೂರಿಸುತ್ತಾರೆ. ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಓದು ಬಿಟ್ಟ ಹುಡುಗನೊಬ್ಬ ನಾಟಾ ಸಾಗಿಸುವ ಹಳೆಯ ಮಿಲಿಟರಿ ಲಾರಿಗೆ ಕ್ಲೀನರ್ ಆಗಿ ಸೇರಿದ್ದ. 1993ರಲ್ಲಿ ಘಟ್ಟದ ಇಳಿಜಾರಿನಲ್ಲಿ ಆ ಲಾರಿಯನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಹಗ್ಗ ಸಡಿಲಗೊಂಡಿತು. ಹಿಂದಿನ ಲಾರಿ ಮುಂದಿನದಕ್ಕೆ ಗುದ್ದಿ ಚರಂಡಿಗೆ ಮಗುಚಿತು. ಸ್ಟೀರಿಂಗ್ ಮುಂದೆ ಕೂತಿದ್ದ ಹುಡುಗನಿಗೆ ಹದಿನಾರು ವರ್ಷ. ಅವನು ಒಂದು ಕಾಲು ಕಳೆದುಕೊಂಡ. "ಹುಡುಗನಿಗೆ ಬ್ರೇಕ್ ಹಿಡಿಯಲು ಬರಲಿಲ್ಲ" ಎಂದು ಊರಿನವರು ಆಡಿಕೊಂಡರು. ಇಲ್ಲದ ಬ್ರೇಕನ್ನು ಅವನು ಹಿಡಿಯುವುದಾದರೂ ಹೇಗೆ?

1989ರ ರಸ್ತೆ ನಿಯಮಾವಳಿಯೇ ಈ ಬಗ್ಗೆ ಸ್ಪಷ್ಟವಾಗಿತ್ತು: ಮುಂಚಕ್ರಗಳನ್ನು ನೆಲದಿಂದ ಎತ್ತಿ ಹಿಡಿಯದಿದ್ದಲ್ಲಿ, ಎಳೆಸಿಕೊಳ್ಳುವ ವಾಹನದ ಚಾಲಕನ ಸ್ಥಾನದಲ್ಲಿ ಆ ವಾಹನ ಓಡಿಸುವ ಲೈಸೆನ್ಸ್ ಉಳ್ಳವನೇ ಇರಬೇಕು, ಎರಡು ವಾಹನಗಳ ನಡುವಿನ ಅಂತರ 5 ಮೀಟರು ಮೀರಕೂಡದು, ವೇಗ ಗಂಟೆಗೆ 24 ಕಿಲೋಮೀಟರು ದಾಟಕೂಡದು. 2017ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಾವಳಿ ಬಂದಿದೆ. ಈ ವೇಗಮಿತಿಯನ್ನು ನೋಡಿ ನಗುವವರಿದ್ದಾರೆ. ಲೆಕ್ಕ ಹಾಕಿ ನೋಡಿ: 24 ಕಿಲೋಮೀಟರು ವೇಗದ ಲಾರಿಯ ಚಲನಶಕ್ತಿ, ಅದೇ ಲಾರಿ ಸುಮಾರು ಎರಡೂಕಾಲು ಮೀಟರು ಎತ್ತರದಿಂದ ಬೀಳುವುದಕ್ಕೆ ಸಮ. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿಯಾಗುತ್ತದೆ, ಎಂದರೆ ಒಂಬತ್ತು ಮೀಟರು. ಹತ್ತನೆಯ ತರಗತಿಯ ಸೂತ್ರವೊಂದರ ಹಿಂದೆ ಒಂದು ಜೀವ ಕೂತಿರುತ್ತದೆ.

"ನಮ್ಮ ಮೇಸ್ತ್ರಿಗಳು ಪುಸ್ತಕ ಓದಿ ಕಲಿತವರೇ?" ಎಂದು ಕೆಲವರು ಕೇಳಬಹುದು. ಮೇಸ್ತ್ರಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವರನ್ನು ಕಂಡು ಬೆರಗಾಗಿದ್ದೇನೆ. ಆದರೆ ಅವರ ಜ್ಞಾನ ಅವರು ಬಿಚ್ಚಿ ನೋಡಿದ ಗಾಡಿಗಳದ್ದು. ಸೇನೆಯ ಕೈಪಿಡಿಯಲ್ಲಿರುವುದೂ ಅನುಭವವೇ. ಸಾವಿರಾರು ಲಾರಿಗಳನ್ನು ಓಡಿಸಿ, ಕೆಡಿಸಿ, ದುರಸ್ತಿ ಮಾಡಿದವರ ಅನುಭವ. ಎರಡೂ ಕೂಡಿದಾಗಲೇ ಕೆಲಸ ಸುರಕ್ಷಿತ.

ಅಮೆರಿಕದ ಸೇನೆಯ ಇಂಥ ಕೈಪಿಡಿಗಳು ಇಂದು ಯಾರಿಗಾದರೂ ದೊರೆಯುತ್ತವೆ. ನಮ್ಮಲ್ಲಿಯೂ ಹರಾಜಾಗುವ ಪ್ರತಿ ಸೇನಾ ಲಾರಿಯೊಡನೆ ಅದರ ಕೈಪಿಡಿಯ ಒಂದು ಪ್ರತಿಯನ್ನು ಕೊಡುವುದು ಕಡ್ಡಾಯವಾಗಬೇಕು. ಎಳೆಯುವ ಕ್ರಮದ ಪುಟವನ್ನಾದರೂ ಕನ್ನಡದಲ್ಲಿ ಅಚ್ಚು ಮಾಡಿ ಕೊಡಬೇಕು. ಹಗ್ಗದ ಬದಲು ಉಕ್ಕಿನ ಟೋ ಬಾರ್ ಬಳಸಬೇಕು. ಆಗ ಇಳಿಜಾರಿನಲ್ಲಿ ಹಿಂದಿನ ಗಾಡಿ ಮುಂದಿನದಕ್ಕೆ ನುಗ್ಗುವುದು ತಪ್ಪುತ್ತದೆ. ಎಳೆಯುವ ಗಾಡಿ ಹಿಂದಿನದಕ್ಕಿಂತ ಹಗುರವಾಗಿರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಸತ್ತ ಲಾರಿಯಲ್ಲಿ ಹುಡುಗನನ್ನು ಕೂರಿಸುವ ಪದ್ಧತಿ ನಿಲ್ಲಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಲಾರಿ ಮಾಲೀಕರಿದ್ದಾರೆ, ಗ್ಯಾರೇಜು ಇಟ್ಟವರಿದ್ದಾರೆ, ಸಾರಿಗೆ ಇಲಾಖೆಯಲ್ಲಿರುವವರೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಬಾರಿ ಹಗ್ಗ ಕಟ್ಟುವ ಮೊದಲು ಹಿಂದಿನ ಗಾಡಿಯ ಬಾಗಿಲು ತೆರೆದು, ಒಳಗೆ ಯಾರು ಕೂತಿದ್ದಾರೆಂದು ನೋಡಿ. ಲೈಸೆನ್ಸ್ ಇಲ್ಲದ ಹುಡುಗನಾದರೆ ಕೆಳಗಿಳಿಸಿ. ಲಾರಿ ಅಲ್ಲಿಯೇ ಒಂದು ದಿನ ನಿಂತರೆ ಆಗುವ ನಷ್ಟವನ್ನು ದುಡಿದು ತುಂಬಿಕೊಳ್ಳಬಹುದು.