ಬುಡ ನೋಡದೆ ಔಷಧಿ ಹೊಡೆಯಬೇಡಿ: ಮೊಬೈಲಿನ ಸುಳ್ಳು ವೈರಸ್ ಎಚ್ಚರಿಕೆಗೂ ಇದೇ ಮಾತು



ಕಂಪ್ಲಿ ಭಾಗದ ಭತ್ತದ ಬೆಳೆಗಾರರಿಗೆ ಕಂದು ಜಿಗಿಹುಳುವಿನ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬದುವಿನ ಮೇಲೆ ನಿಂತು ನೋಡಿದರೆ ಈ ಹುಳು ಕಾಣುವುದಿಲ್ಲ. ಗದ್ದೆಗೆ ಇಳಿದು, ಪೈರನ್ನು ಬಾಗಿಸಿ, ನೀರಿನ ಮಟ್ಟದ ಮೇಲೆ ಬುಡದಲ್ಲಿ ಎಷ್ಟು ಹುಳುಗಳಿವೆಯೆಂದು ಎಣಿಸಿ ನೋಡಬೇಕು. ಹಾಗೆ ನೋಡದೆ, ಯಾರೋ ಹೆದರಿಸಿದರೆಂದು ಸಿಕ್ಕಿದ ಕೀಟನಾಶಕವನ್ನು ಹೊಡೆದರೆ ಏನಾಗುತ್ತದೆ? ಜಿಗಿಹುಳುವನ್ನು ತಿನ್ನುವ ಜೇಡಗಳು ಸಾಯುತ್ತವೆ, ಹುಳು ಮೊದಲಿಗಿಂತ ಹೆಚ್ಚಾಗುತ್ತದೆ, ಹಣವೂ ಹೋಗುತ್ತದೆ.

ಹಂಪಿ, ಕಮಲಾಪುರಗಳ ಬಾಳೆ ತೋಟದಲ್ಲಿಯೂ ಇದೇ ನಿಯಮ. ಎಲೆ ಹಳದಿಯಾದ ಕೂಡಲೆ ಅದು ಪನಾಮ ಸೊರಗು ರೋಗವೆಂದು ತೀರ್ಮಾನಿಸಬಾರದು. ನೀರು ನಿಂತರೂ, ಪೋಷಕಾಂಶ ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ. ಗಡ್ಡೆಯನ್ನು ಸೀಳಿ ಒಳಗೆ ಕಂದು ಬಣ್ಣವಿದೆಯೇ ಎಂದು ನೋಡಿದ ಮೇಲೆಯೇ ಮಾತು. ಸಂಡೂರಿನ ರಸ್ತೆ ಬದಿಯ ಹೊಲಗಳಲ್ಲಂತೂ ಎಲೆಗಳ ಮೇಲೆ ಅದಿರಿನ ಕೆಂಪು ಧೂಳು ಕುಳಿತಿರುತ್ತದೆ. ಅದನ್ನು ತುಕ್ಕು ರೋಗವೆಂದು ಯಾರೂ ಔಷಧಿ ತರುವುದಿಲ್ಲ, ಮೊದಲು ಬೆರಳಿನಿಂದ ಒರೆಸಿ ನೋಡುತ್ತಾರೆ.

ಹೊಲದಲ್ಲಿ ಇಷ್ಟು ವಿವೇಕದಿಂದ ನಡೆಯುವ ನಾವು ಕೈಯಲ್ಲಿರುವ ಮೊಬೈಲಿನ ವಿಷಯದಲ್ಲಿ ಅದನ್ನು ಮರೆಯುತ್ತೇವೆ. ಈ ಲೇಖನದಲ್ಲಿ ಹೇಳಬೇಕಾದುದು ಅಷ್ಟೇ.

ಹೊಸಪೇಟೆ ಸಮೀಪದ ಒಂದು ಹಳ್ಳಿಯಲ್ಲಿ ಕಬ್ಬಿನ ಹೊಲ ನೋಡಲು ಹೋಗಿದ್ದಾಗ ಹಿರಿಯ ರೈತರೊಬ್ಬರು ತಮ್ಮ ಫೋನನ್ನು ನನ್ನ ಕೈಗಿತ್ತು, "ಇದಕ್ಕೆ ರೋಗ ಬಂದೈತಿ ಸರ್, ನೋಡ್ರಿ" ಎಂದರು. ಒಂದು ರಾತ್ರಿ ಹಾಡು ಹುಡುಕುತ್ತಿದ್ದಾಗ ಪರದೆ ಕೆಂಪಾಗಿ, ಫೋನು ನಡುಗಿ, "ನಿಮ್ಮ ಮೊಬೈಲಿನಲ್ಲಿ ವೈರಸ್ ಇದೆ, ಎರಡು ನಿಮಿಷದಲ್ಲಿ ಎಲ್ಲವೂ ಅಳಿಸಿಹೋಗುತ್ತದೆ" ಎಂಬ ಬರಹ ಬಂದಿತ್ತಂತೆ. ಅದು ಹೇಳಿದಂತೆ ಅವರು ಗುಂಡಿ ಒತ್ತಿದ್ದರು. ನೋಡಿದರೆ ಫೋನನ್ನು ಸ್ವಚ್ಛ ಮಾಡುತ್ತೇವೆನ್ನುವ ಮೂರು ಆ್ಯಪ್‌ಗಳು ಅದರಲ್ಲಿ ಸೇರಿಕೊಂಡಿದ್ದವು. ಕರೆ ಮುಗಿದರೆ ಜಾಹೀರಾತು, ಬೀಗ ತೆಗೆದರೆ ಜಾಹೀರಾತು. ರೋಗವೇ ಇರದ ಫೋನಿಗೆ ಔಷಧಿಯೇ ರೋಗವಾಗಿತ್ತು. ಕಬ್ಬಿನ ಬಿಲ್ಲಿನ ಹಣ ಜಮೆಯಾದ ಸಂದೇಶವೂ, ಬ್ಯಾಂಕಿನ ಗುಪ್ತ ಸಂಖ್ಯೆಯೂ ಅದೇ ಫೋನಿಗೆ ಬರುತ್ತಿದ್ದವು. ಮಗನಿಗೆ ಹೇಳಿದರೆ ನಗುತ್ತಾನೆಂದು ತಿಂಗಳುಗಟ್ಟಲೆ ಸುಮ್ಮನಿದ್ದರಂತೆ. ನನಗೆ ಹೆಚ್ಚು ಚಿಂತೆಯಾದದ್ದು ಈ ಸುಮ್ಮನಿರುವಿಕೆಯ ಬಗ್ಗೆ.

ಸುಳ್ಳು ಎಚ್ಚರಿಕೆಯ ಲಕ್ಷಣಗಳು

ಮೊದಲು ಒಂದು ಮೂಲ ಸಂಗತಿಯನ್ನು ತಿಳಿಯಿರಿ. ಅಂತರ್ಜಾಲದ ಯಾವ ಪುಟಕ್ಕೂ ನಿಮ್ಮ ಫೋನಿನ ಒಳಹೊಕ್ಕು ವೈರಸ್ ಹುಡುಕುವ ಶಕ್ತಿಯಿಲ್ಲ. ಪುಟ ತೆರೆದಾಗ ಅದಕ್ಕೆ ನಿಮ್ಮ ಫೋನು ಯಾವ ತಯಾರಿಕೆಯದು, ನೀವು ಹೆಚ್ಚುಕಡಿಮೆ ಯಾವ ಊರಿನ ಕಡೆಯವರು ಎಂಬಷ್ಟು ಮಾತ್ರ ತಿಳಿಯುತ್ತದೆ. ಅಷ್ಟನ್ನೇ ಪರದೆಯ ಮೇಲೆ ಬರೆದು ತೋರಿಸಿದಾಗ, ಎಲ್ಲವನ್ನೂ ಬಲ್ಲದೆಂದು ನಾವು ನಂಬಿಬಿಡುತ್ತೇವೆ. ಬದುವಿನ ಮೇಲೆ ನಿಂತವನು ಬುಡದ ಹುಳು ಎಣಿಸಿದೆನೆಂದು ಹೇಳಿದ ಹಾಗೆ ಇದು. ಆದುದರಿಂದ ಪುಟವೊಂದು "ವೈರಸ್ ಕಂಡೆ" ಎಂದರೆ ಅದು ಸುಳ್ಳು ಹೇಳುತ್ತಿದೆ ಎಂದೇ ತಿಳಿಯಿರಿ.

ಉಳಿದ ಲಕ್ಷಣಗಳು ಇವು:

1) ಅವಸರ. ಗಡಿಯಾರ ಹಿಂದಕ್ಕೆ ಎಣಿಸುತ್ತದೆ, ಫೋನು ನಡುಗುತ್ತದೆ, ಕೂಗುತ್ತದೆ.
2) ಹೆಸರಾಂತ ಕಂಪನಿಯ ಗುರುತನ್ನು ಹಾಕಿಕೊಂಡಿರುತ್ತದೆ. ಭಾಷೆ ಮಾತ್ರ ತಪ್ಪುತಪ್ಪಾಗಿರುತ್ತದೆ.
3) ಒಂದು ಆ್ಯಪ್ ಹಾಕಿಕೊಳ್ಳಿ, ಈ ಸಂಖ್ಯೆಗೆ ಕರೆ ಮಾಡಿ, ಅಥವಾ ಇಷ್ಟು ಹಣ ಕಟ್ಟಿ ಎನ್ನುತ್ತದೆ.
4) ಪುಕ್ಕಟೆ ಸಿನೆಮಾ, ಹಾಡು, ಆಟಗಳ ಪುಟಗಳನ್ನು ತೆರೆದಾಗಲೇ ಹೆಚ್ಚಾಗಿ ಬರುತ್ತದೆ.

ನಿಜವಾದ ಎಚ್ಚರಿಕೆ ಹೇಗಿರುತ್ತದೆಂಬುದು ನಮ್ಮ ಭಾಗದವರಿಗೆ ಗೊತ್ತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನದಿ ತೀರದವರಿಗೆ ಎಚ್ಚರಿಕೆ ನೀಡಲಾಯಿತು. ಆ ಎಚ್ಚರಿಕೆಯನ್ನು ಯಾರು ಕೊಟ್ಟರೆಂದು ತಿಳಿದಿತ್ತು, ಏನು ಮಾಡಬೇಕೆಂದು ತಿಳಿದಿತ್ತು, ಅದಕ್ಕಾಗಿ ಯಾರೂ ಹಣ ಕೇಳಲಿಲ್ಲ. ಹೆದರಿಸಿ ಅದೇ ಉಸಿರಿನಲ್ಲಿ ಮಾರಾಟಕ್ಕೆ ತೊಡಗುವ ಎಚ್ಚರಿಕೆಯನ್ನು ವ್ಯಾಪಾರವೆಂದೇ ತಿಳಿಯಬೇಕು.

ಕಂಡಾಗ ಮಾಡಬೇಕಾದುದು

ಪುಟದಲ್ಲಿರುವ ಯಾವ ಗುಂಡಿಯನ್ನೂ ಒತ್ತಬೇಡಿ. ಮೂಲೆಯಲ್ಲಿ ಕಾಣುವ ಮುಚ್ಚುವ ಗುರುತು ಕೂಡ ಬಲೆಯಿರಬಹುದು. ಫೋನಿನ ಕೆಳಭಾಗದ ಗುಂಡಿಯಿಂದ, ಅಥವಾ ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಸರಿಸಿ, ತೆರೆದಿರುವ ಆ್ಯಪ್‌ಗಳ ಸಾಲನ್ನು ತೆಗೆದು ಬ್ರೌಸರನ್ನು ಪಕ್ಕಕ್ಕೆ ತಳ್ಳಿರಿ. ಅದೂ ಆಗದಿದ್ದರೆ ಫೋನನ್ನು ಆರಿಸಿ ಮತ್ತೆ ಹೊತ್ತಿಸಿರಿ. ಅನಂತರ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಭೇಟಿಗಳ ದಾಖಲೆಯನ್ನು ಅಳಿಸಿರಿ.

ಎಚ್ಚರಿಕೆಗಳು ಪದೇ ಪದೇ ಮೇಲಿನ ಪಟ್ಟಿಯಲ್ಲಿ ಬರುತ್ತಿದ್ದರೆ, ಯಾವುದೋ ಪುಟ "ಅಲೋ" ಎಂದು ಕೇಳಿದಾಗ ಒತ್ತಿದ್ದೀರಿ ಎಂದರ್ಥ. ಬಂದ ಸೂಚನೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದನ್ನು ಕಳಿಸಿದವರು ಯಾರೆಂದು ಕಾಣುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ವಿಭಾಗಕ್ಕೆ ಹೋಗಿ ಆ ಪುಟದ ಅನುಮತಿಯನ್ನು ತೆಗೆದುಹಾಕಿರಿ. ಅನುಮಾನ ಉಳಿದರೆ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ನಿಮ್ಮ ಗುರುತನ್ನು ಒತ್ತಿ, ಪ್ಲೇ ಪ್ರೊಟೆಕ್ಟ್‌ನಲ್ಲಿ ಪರೀಕ್ಷೆ ಮಾಡಿಸಿರಿ. ಇದಕ್ಕೆ ಹಣ ಬೇಕಾಗಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿಯೂ ಇಂಥ ಸಾಧನಗಳು ಉಚಿತವಾಗಿ ದೊರೆಯುತ್ತವೆ.

ಫೋನು ನಿಧಾನವಾಯಿತೆಂದ ಮಾತ್ರಕ್ಕೆ ವೈರಸ್ ಎನ್ನಬೇಡಿ. ಮದುವೆಯ ವಿಡಿಯೋಗಳು, ಶುಭೋದಯದ ಚಿತ್ರಗಳು ತುಂಬಿಕೊಂಡರೂ ಫೋನು ಏದುಸಿರು ಬಿಡುತ್ತದೆ. ಅದು ಸಂಡೂರಿನ ಧೂಳಿನ ಹಾಗೆ, ಒರೆಸಿದರೆ ಹೋಗುತ್ತದೆ.

ಕಳೆ ಕೀಳುವ ಕ್ರಮ

ಪಾರ್ಥೇನಿಯಂ ಕಳೆಯು ಹೊರದೇಶದ ಗೋಧಿಯ ಜೊತೆಯಲ್ಲಿ ಬಂದಿತೆಂದು ಹಿರಿಯರು ಹೇಳುತ್ತಾರೆ. ಬೇಡದ ಆ್ಯಪ್‌ಗಳೂ ಹಾಗೆಯೇ, ನಾವು ಬಯಸಿದ ವಸ್ತುವಿನ ಜೊತೆ ಬರುತ್ತವೆ. ಒಂದು ಆಟದ ಜೊತೆ, ಒಂದು ಟಾರ್ಚ್ ಆ್ಯಪ್‌ನ ಜೊತೆ, ಕೆಲವೊಮ್ಮೆ ಹೊಸ ಫೋನಿನ ಜೊತೆಯಲ್ಲಿಯೇ ಬರುತ್ತವೆ. ಪ್ಲೇ ಸ್ಟೋರ್‌ನಲ್ಲಿರುವುದೆಲ್ಲ ಶುದ್ಧ ಬೀಜವೆಂದೂ ತಿಳಿಯಬಾರದು. ಬಳಕೆದಾರರ ಫೋನ್ ಬಿಲ್ಲಿಗೆ ಗುಟ್ಟಾಗಿ ಹಣ ಸೇರಿಸುತ್ತಿದ್ದ ಒಂದೇ ಬಗೆಯ 1,700 ಆ್ಯಪ್‌ಗಳನ್ನು ಅಲ್ಲಿಂದ ತೆಗೆದುಹಾಕಿದ್ದಾಗಿ ಗೂಗಲ್ ಸಂಸ್ಥೆಯೇ 2020ರ ಜನವರಿಯಲ್ಲಿ ತಿಳಿಸಿತ್ತು.

ಯಾವ ಆ್ಯಪ್ ತೆರೆಯದಿದ್ದರೂ ಜಾಹೀರಾತು ಬರುವುದು, ಬ್ಯಾಟರಿಯೂ ಡೇಟಾವೂ ಬೇಗನೆ ಮುಗಿಯುವುದು, ನೀವು ಹಾಕದ ಆ್ಯಪ್ ಕಾಣಿಸುವುದು, ಇವು ಕಳೆಯ ಗುರುತುಗಳು. ಕೀಳುವ ಕ್ರಮ ಹೀಗೆ:

1) ಪರದೆಯ ಮೇಲೆ ಹುಡುಕಬೇಡಿ, ಕೆಲವು ತಮ್ಮ ಚಿತ್ರವನ್ನೇ ಮರೆಮಾಡಿಕೊಂಡಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ವಿಭಾಗಕ್ಕೆ ಹೋಗಿ ಪೂರ್ಣ ಪಟ್ಟಿಯನ್ನು ನೋಡಿರಿ.
2) ಬೇಡದ ಆ್ಯಪ್‌ನ ಹೆಸರನ್ನು ಒತ್ತಿ ಅನ್‌ಇನ್‌ಸ್ಟಾಲ್ ಮಾಡಿರಿ. ಚಿತ್ರವನ್ನು ಪರದೆಯಿಂದ ಸರಿಸಿದರೆ ಸಾಲದು. ಅದು ಕಳೆಯ ತುದಿ ಚಿವುಟಿದಂತೆ, ಬೇರು ಉಳಿದಿರುತ್ತದೆ.
3) ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿದ್ದರೆ ಆ ಆ್ಯಪ್ ಫೋನಿನ ಯಜಮಾನಿಕೆಯನ್ನು ಪಡೆದಿರಬಹುದು. ಸೆಟ್ಟಿಂಗ್ಸ್‌ನ ಮೇಲಿನ ಹುಡುಕು ಪಟ್ಟಿಯಲ್ಲಿ ಡಿವೈಸ್ ಅಡ್ಮಿನ್ ಎಂದು ಹುಡುಕಿ ಅದರ ಅಧಿಕಾರವನ್ನು ಕಸಿದುಕೊಂಡು ಅನಂತರ ತೆಗೆಯಿರಿ. ಆಕ್ಸೆಸಿಬಿಲಿಟಿ ವಿಭಾಗದಲ್ಲಿಯೂ ಅಪರಿಚಿತ ಹೆಸರಿದ್ದರೆ ಅದನ್ನು ಆರಿಸಿರಿ.
4) ಜಾಹೀರಾತುಗಳು ಕೆಲಸ ಮಾಡಲು ಬಿಡದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಹೊತ್ತಿಸಿರಿ. ಅನೇಕ ಫೋನುಗಳಲ್ಲಿ ಪವರ್ ಆಫ್ ಎಂಬ ಬರಹವನ್ನು ಒತ್ತಿ ಹಿಡಿದರೆ ಈ ಅವಕಾಶ ಬರುತ್ತದೆ. ಆಗ ಹೊರಗಿನಿಂದ ಹಾಕಿದ ಆ್ಯಪ್‌ಗಳು ಮಲಗಿರುತ್ತವೆ, ತೆಗೆಯುವುದು ಸುಲಭ.
5) ಫೋನಿನ ಜೊತೆಯಲ್ಲೇ ಬಂದು ತೆಗೆಯಲಾಗದವನ್ನು ಡಿಸೇಬಲ್ ಮಾಡಿರಿ.

ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮೊದಲೇ ಕೀಳಬೇಕೆನ್ನುತ್ತೇವೆ. ಇದನ್ನೂ ತಿಂಗಳಿಗೊಮ್ಮೆ ನೋಡಿ ಕಿತ್ತರೆ ಹತ್ತು ನಿಮಿಷದ ಕೆಲಸ.

ಜಾಹೀರಾತಿನ ಆ್ಯಪ್‌ಗಿಂತ ದೊಡ್ಡ ಪಿಡುಗು ಮತ್ತೊಂದಿದೆ. ಪಿಎಂ ಕಿಸಾನ್, ಬ್ಯಾಂಕು, ವಾಹನ ದಂಡ, ಮದುವೆಯ ಕರೆಯೋಲೆ ಮುಂತಾದ ಹೆಸರಿನಲ್ಲಿ, ಎಪಿಕೆ ಎಂದು ಕೊನೆಗೊಳ್ಳುವ ಕಡತಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ತೆರೆದರೆ ಆ್ಯಪ್ ಸೇರಿಕೊಂಡು, ಸಂದೇಶ ಓದುವ ಅನುಮತಿ ಕೇಳಿ, ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಕಳ್ಳರಿಗೆ ರವಾನಿಸುತ್ತದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯ ಆಸೆಗೆ ಖಾತೆಯೇ ಬರಿದಾಗಬಹುದು. ಇಂಥದ್ದನ್ನು ತೆರೆದಿದ್ದರೆ ಕೂಡಲೆ ಫೋನಿನ ಡೇಟಾ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತಪ್ಪು ಯಾರದು?

"ಓದುಬರಹ ಸಾಲದವರು ಮೋಸಹೋಗುತ್ತಾರೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಅಕ್ಟೋಬರಿನಲ್ಲಿ ಕೇಂದ್ರೀಯ ತನಿಖಾ ದಳವು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಇಂಥ ಸುಳ್ಳು ಎಚ್ಚರಿಕೆ ತೋರಿಸಿ ವಿದೇಶಿಯರಿಂದ ಹಣ ಸುಲಿಯುತ್ತಿದ್ದ ಕಾಲ್ ಸೆಂಟರುಗಳು ನಮ್ಮ ದೇಶದಲ್ಲಿಯೇ ಇದ್ದವು. ನಕಲಿ ಎಚ್ಚರಿಕೆಗಳಿಂದ ಹೆದರಿಸಿ ಕಂಪ್ಯೂಟರ್ ದುರಸ್ತಿ ಸೇವೆ ಮಾರಿದ ಆರೋಪದ ಮೇಲೆ ರೆಸ್ಟೋರೋ, ರೀಇಮೇಜ್ ಎಂಬ ಎರಡು ಕಂಪನಿಗಳು 2 ಕೋಟಿ 60 ಲಕ್ಷ ಡಾಲರ್ ತೆರಲು ಒಪ್ಪಿದ್ದನ್ನು ಅಮೆರಿಕದ ವ್ಯಾಪಾರ ಆಯೋಗವು 2024ರ ಮಾರ್ಚಿನಲ್ಲಿ ಪ್ರಕಟಿಸಿತು. ಕಂಪ್ಯೂಟರಿನೊಡನೆ ಬೆಳೆದ ದೇಶದವರೇ ಹೆದರಿ ಹಣ ತೆತ್ತಿರುವಾಗ ನಮ್ಮ ರೈತ ನಾಚಬೇಕಾದ ಕಾರಣವಿಲ್ಲ. ನಾಚಿಕೆಯಿಂದ ಮುಚ್ಚಿಟ್ಟರೆ ಲಾಭವಾಗುವುದು ಕಳ್ಳನಿಗೆ ಮಾತ್ರ.

"ಹಾಗಾದರೆ ಹಳೆಯ ಗುಂಡಿ ಫೋನೇ ಸಾಕು" ಎನ್ನುವವರೂ ಇದ್ದಾರೆ. ಆದರೆ ಕರ್ನಾಟಕದಲ್ಲಿ 2000ದಲ್ಲಿ ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದಿತು, 2020ರಲ್ಲಿ ರೈತರೇ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡುವ ವ್ಯವಸ್ಥೆ ಬಂದಿತು. ಧಾರಣೆ, ಹವಾಮಾನ, ವಿಮೆ ಎಲ್ಲವೂ ಇಂದು ಫೋನಿನಲ್ಲಿವೆ. ಕಳೆ ಬಂದಿತೆಂದು ಹೊಲವನ್ನು ಪಾಳು ಬಿಡಲಾಗದು.

ಆದರೆ ರೈತನಿಗೆ ಬುದ್ಧಿ ಹೇಳುವ ನಮ್ಮಂಥ ಸಂಸ್ಥೆಗಳು ತಮ್ಮನ್ನೂ ತಿದ್ದಿಕೊಳ್ಳಬೇಕು. ಅಪರಿಚಿತ ಕೊಂಡಿಗಳನ್ನು ಒತ್ತಬೇಡಿ ಎಂದು ಒಂದು ದಿನ ಹೇಳಿ, ಮರುದಿನ ಇಲಾಖೆಯವರು, ಬ್ಯಾಂಕಿನವರು, ಸಂಘದವರು ತಾವೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೊಂಡಿ ಕಳಿಸಿ "ಇಂದೇ ಒತ್ತಿ, ಕೊನೆಯ ದಿನ" ಎಂದರೆ ರೈತನಿಗೆ ಅಸಲಿ ನಕಲಿಗಳ ಭೇದ ತಿಳಿಯುವುದು ಹೇಗೆ? ಅವಸರಪಡಿಸಿ ಒತ್ತಿಸುವ ಅಭ್ಯಾಸವನ್ನು ಕಲಿಸಿದವರು ನಾವೇ ಆಗುತ್ತೇವೆ. ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿ, ಸಹಕಾರ ಸಂಘಗಳ ಗೋಡೆಯ ಮೇಲೆ ಅಧಿಕೃತ ಆ್ಯಪ್‌ಗಳ ಹೆಸರುಗಳನ್ನು ಬರೆದು ಹಾಕಲಿ. ಸಂದೇಶದಲ್ಲಿ ಕೊಂಡಿಯ ಬದಲು ಆ್ಯಪ್‌ನ ಹೆಸರನ್ನಷ್ಟೇ ತಿಳಿಸಲಿ. ಬೀಜೋಪಚಾರದ ಪ್ರಾತ್ಯಕ್ಷಿಕೆ ನಡೆಸುವಂತೆಯೇ, ಬೇಡದ ಆ್ಯಪ್ ತೆಗೆಯುವ ಪ್ರಾತ್ಯಕ್ಷಿಕೆಯನ್ನೂ ಪ್ರತಿ ಕ್ಷೇತ್ರೋತ್ಸವದಲ್ಲಿ ಅರ್ಧ ಗಂಟೆ ನಡೆಸಬೇಕೆಂಬುದು ನನ್ನ ಅಭಿಪ್ರಾಯ.

ಆ ಹಿರಿಯ ರೈತರ ಫೋನನ್ನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಸರಿಪಡಿಸಿದೆವು. ಮೂರು ಆ್ಯಪ್‌ಗಳಲ್ಲಿ ಮೊದಲನೆಯದನ್ನು ನಾನು ತೆಗೆದು ತೋರಿಸಿದೆ, ಉಳಿದೆರಡನ್ನು ಅವರೇ ತೆಗೆದರು. ಬಳಿಕ ಅವರು ಪಕ್ಕದವರ ಫೋನನ್ನು ತೆಗೆದುಕೊಂಡು ನೋಡತೊಡಗಿದರು.

ಓದುಗ ರೈತರೇ, ಈ ಪುಟವನ್ನು ಓದಿ ಮುಗಿಸಿದ ಮೇಲೆ ನಿಮ್ಮ ಫೋನಿನ ಆ್ಯಪ್‌ಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿರಿ. ಮನೆಯವರ ಫೋನನ್ನೂ ನೋಡಿರಿ. ಯಾರಾದರೂ ತಪ್ಪಿ ಒತ್ತಿದ್ದರೆ ಬೈಯದೆ ಕೇಳಿಕೊಳ್ಳಿರಿ. ಪರದೆ ಎಷ್ಟೇ ಕೂಗಲಿ, ಬುಡ ನೋಡದೆ ಔಷಧಿ ಹೊಡೆಯಬೇಡಿ.