ದುಡ್ಡು ಬಂದರೂ ವಿಮಾನ ಹಾರಲಿಲ್ಲ: ವಿಜಯಪುರದ ಪಾಠ ಬಳ್ಳಾರಿಗೆ ಗೊತ್ತಾಗಬೇಕು

ದೋಣಿಮಲೈ: ಬಳ್ಳಾರಿ ಏರ್‌ಪೋರ್ಟ್ ಯಾವಾಗ ಆಗುತ್ತೆ? ಸಂಡೂರು, ತೋರಣಗಲ್ಲು, ಹೊಸಪೇಟೆ, ಕಂಪ್ಲಿ ಕಡೆಯ ಅಂಗಡಿ ಕಟ್ಟೆಗಳಲ್ಲಿ ಹದಿನೈದು ವರ್ಷದಿಂದ ಓಡಾಡ್ತಾ ಇರೋ ಪ್ರಶ್ನೆ ಇದು. "ಸರ್ಕಾರ ದುಡ್ಡು ಬಿಡ್ತಿಲ್ಲ" ಅನ್ನೋದೇ ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ದುಡ್ಡು ಬಂದು, ರನ್‌ವೇ ಮುಗಿದು, ಟರ್ಮಿನಲ್ ಎದ್ದು ನಿಂತ ಮೇಲೂ ವಿಮಾನ ಇಳಿಯದೆ ಕಾದ ನಿಲ್ದಾಣ ಇದೇ ರಾಜ್ಯದಲ್ಲಿದೆ. ಅದು ವಿಜಯಪುರ. ಅಲ್ಲಿ ಅಡ್ಡ ಬಂದದ್ದು ಕೆಲಸ ಶುರುವಾಗುವ ಮುಂಚೆ ತೆಗೆದುಕೊಳ್ಳಬೇಕಿದ್ದ ಒಂದು ಅನುಮತಿ: ಪರಿಸರ ಅನುಮತಿ.

ಬಳ್ಳಾರಿಯ ಯೋಜನೆ ಮತ್ತೆ ಮೇಲೆದ್ದರೆ ಮೊದಲು ನೋಡಬೇಕಾದ್ದು ವಿಜಯಪುರದ ಕಡತವನ್ನೇ.

ಒಂದೇ ಕಂಪನಿ, ಎರಡು ಜಿಲ್ಲೆ

ಬಳ್ಳಾರಿ ತಾಲ್ಲೂಕಿನ ಚಾಗನೂರು–ಸಿರಿವಾರ ಬಳಿ ಹೊಸ ವಿಮಾನ ನಿಲ್ದಾಣಕ್ಕೆಂದು ಗುರುತಿಸಿದ್ದು ಸುಮಾರು 900 ಎಕರೆ. ಎರೆ ಭೂಮಿ, ನೀರಾವರಿ ಜಮೀನು. ಕೊಡಲ್ಲ ಅಂತ ರೈತರು ಧರಣಿ ಕೂತರು. ಆ ಹೋರಾಟ ಆಗ ರಾಜ್ಯಕ್ಕೆಲ್ಲ ಗೊತ್ತಾಗಿತ್ತು. 2010ರಲ್ಲಿ ಚೆನ್ನೈ ಮೂಲದ ಮಾರ್ಗ್ ಕಂಪನಿಗೆ ಕಟ್ಟುವ ಜವಾಬ್ದಾರಿ ಸಿಕ್ಕಿತು. ವಿಜಯಪುರದ ನಿಲ್ದಾಣದ ಕೆಲಸವೂ ಇದೇ ಕಂಪನಿ ಪಾಲಾಗಿತ್ತು. ಎರಡೂ ಕಡೆ ಕೆಲಸ ಮುಂದೆ ಸಾಗಲಿಲ್ಲ, ಕಡೆಗೆ ಸರ್ಕಾರ ಒಪ್ಪಂದ ರದ್ದು ಮಾಡಿತು.

ಆಮೇಲೆ ಎರಡು ಜಿಲ್ಲೆಯ ದಾರಿ ಬೇರೆಯಾಯಿತು. ಬಳ್ಳಾರಿಯದ್ದು ನಿಂತಲ್ಲೇ ನಿಂತಿತು. ವಿಜಯಪುರದಲ್ಲಿ ರಾಜ್ಯ ಸರ್ಕಾರವೇ ತನ್ನ ಖರ್ಚಿನಲ್ಲಿ ಕಟ್ಟಲು ಹೊರಟಿತು. 2021ರ ಫೆಬ್ರವರಿಯಲ್ಲಿ ಬುರಣಾಪುರ–ಮದಭಾವಿ ಬಳಿ 727 ಎಕರೆಯಲ್ಲಿ ಕೆಲಸಕ್ಕೆ ಚಾಲನೆ ಸಿಕ್ಕಿತು. ಮೊದಲು 220 ಕೋಟಿ ರೂ. ಅಂದಾಜು, ಸಣ್ಣ ಎಟಿಆರ್-72 ವಿಮಾನಕ್ಕೆ ಸಾಕಾಗುವಷ್ಟು ರನ್‌ವೇ. ನಂತರ ಏರ್‌ಬಸ್ ಎ-320 ಇಳಿಯಬೇಕು ಅಂತ ರನ್‌ವೇ ದೊಡ್ಡದಾಯಿತು, ಖರ್ಚು ಸುಮಾರು 348 ಕೋಟಿಗೆ ಏರಿತು.

ಇಷ್ಟೆಲ್ಲ ಆಯ್ತು. ಆದರೆ ಕೆಲಸ ಶುರು ಮಾಡುವ ಮುಂಚೆ ಪರಿಸರ ಅನುಮತಿ ಪಡೆದಿರಲಿಲ್ಲ.

ಕಾನೂನು ಏನು ಹೇಳುತ್ತೆ?

2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಹೊರಡಿಸಿತು. ಗಣಿ, ಉಕ್ಕಿನ ಕಾರ್ಖಾನೆ, ಅಣೆಕಟ್ಟು ಇರುವ ಅದೇ ಪಟ್ಟಿಯಲ್ಲಿ ವಿಮಾನ ನಿಲ್ದಾಣವೂ ಇದೆ. ಅದೂ 'ಎ' ವರ್ಗದಲ್ಲಿ. ಅಂದರೆ ಅನುಮತಿ ಕೊಡಬೇಕಾದ್ದು ಬೆಂಗಳೂರಲ್ಲ, ದೆಹಲಿಯ ಪರಿಸರ ಸಚಿವಾಲಯ. ಅಧಿಸೂಚನೆಯ ಮುಖ್ಯ ಮಾತು ಒಂದೇ: ಅನುಮತಿ ಮೊದಲು, ಕೆಲಸ ಆಮೇಲೆ.

ಆದರೆ ಈ ನಿಯಮ ಮೀರಿದವರಿಗೆ ಕೇಂದ್ರವೇ ಒಂದು ಹಿಂಬಾಗಿಲು ತೆರೆದಿತ್ತು. 2017ರ ಮಾರ್ಚ್‌ನಲ್ಲಿ ಒಂದು ಅಧಿಸೂಚನೆ, 2021ರ ಜುಲೈನಲ್ಲಿ ಒಂದು ಕಚೇರಿ ಆದೇಶ. ಎರಡರ ಅರ್ಥ ಇಷ್ಟು: ಮೊದಲೇ ಕಟ್ಟಿಬಿಟ್ಟಿದ್ದರೆ ದಂಡ ಕಟ್ಟಿ ಆಮೇಲೆ ಅನುಮತಿ ಕೇಳಬಹುದು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ವ್ಯವಸ್ಥೆಗೆ ತಡೆ ಕೊಟ್ಟಿತು. ವನಶಕ್ತಿ ಸಂಸ್ಥೆಯ ಪ್ರಕರಣದಲ್ಲಿ 2025ರ ಮೇ 16ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಎರಡನ್ನೂ ರದ್ದು ಮಾಡಿತು. ವಿಜಯಪುರದ ಅರ್ಜಿ ಸಿಕ್ಕಿಹಾಕಿಕೊಂಡಿದ್ದು ಇದರೊಳಗೇ.

ಆರು ತಿಂಗಳಲ್ಲಿ ಗಾಳಿ ತಿರುಗಿತು. 2025ರ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ 2:1 ಬಹುಮತದಲ್ಲಿ ಮೇ ತಿಂಗಳ ತೀರ್ಪನ್ನು ಹಿಂಪಡೆದು, ಪ್ರಕರಣ ಮತ್ತೆ ವಿಚಾರಣೆಗೆ ಬರಲಿ ಎಂದಿತು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಕೊಟ್ಟ ಮುಖ್ಯ ಕಾರಣ ಸಾರ್ವಜನಿಕ ಹಣ. ಕಟ್ಟಿದ್ದನ್ನು ಕೆಡವಬೇಕಾದರೆ ಸುಮಾರು 20,000 ಕೋಟಿ ರೂ. ಯೋಜನೆಗಳು ನೆಲಕ್ಕೆ ಬೀಳುತ್ತವೆ ಅಂತ ತೀರ್ಪು ಹೇಳಿತು. ಉದಾಹರಣೆ ಕೊಡುವಾಗ ಒಡಿಶಾದ ಏಮ್ಸ್ ಆಸ್ಪತ್ರೆಯ ಜತೆ ಕರ್ನಾಟಕದ ಒಂದು ಹೊಸ ವಿಮಾನ ನಿಲ್ದಾಣವನ್ನೂ ಹೆಸರಿಸಿತು. ನ್ಯಾಯಮೂರ್ತಿ ಭುಯಾನ್ ಮಾತ್ರ ಒಪ್ಪಲಿಲ್ಲ, ಭಿನ್ನ ತೀರ್ಪು ಬರೆದರು.

ಕೆಡವೋದು ಬೇಡ ಅನ್ನೋದು ಸರಿಯಾಗಿಯೇ ಕಾಣುತ್ತೆ. ಜನರ ತೆರಿಗೆ ದುಡ್ಡು, ಮಣ್ಣುಪಾಲು ಮಾಡೋಕೆ ಯಾರಿಗೂ ಮನಸ್ಸು ಬರಲ್ಲ. ಆದರೆ ಇದೇ ಮಾತನ್ನು ಇನ್ನೊಂದು ಕಡೆಯಿಂದ ನೋಡಬೇಕು. ನೂರಾರು ಕೋಟಿ ಸುರಿದ ಮೇಲೆ ನಡೆಯುವ ಪರಿಶೀಲನೆಗೆ "ಇಲ್ಲಿ ಬೇಡ" ಎನ್ನುವ ಶಕ್ತಿ ಉಳಿಯಲ್ಲ. "ಸ್ವಲ್ಪ ಪಕ್ಕಕ್ಕೆ ಸರಿಸಿ" ಅನ್ನೋದಕ್ಕೂ ಆಗಲ್ಲ. ಮದುವೆ ಊಟ ಮುಗಿದ ಮೇಲೆ ಜಾತಕ ನೋಡಿದ ಹಾಗೆ ಅದು.

ಕೇಂದ್ರದ ದುಡ್ಡು ಎಲ್ಲಿಗೆ ಬರುತ್ತೆ?

ಏರ್‌ಪೋರ್ಟ್ ಅಂದಕೂಡಲೇ "ಕೇಂದ್ರ ಕೊಡುತ್ತೆ, ಉಡಾನ್ ಐತಲ್ಲ" ಅನ್ನೋ ಮಾತು ಕೇಳಿಬರುತ್ತೆ. ಉಡಾನ್ 2016ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಯೋಜನೆ, ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್ 27ರಂದು. ಇದರ ಮುಖ್ಯ ಹಣ ಹೋಗುವುದು ವಿಮಾನ ಕಂಪನಿಗೆ. ಸಣ್ಣ ಊರಿಗೆ ಹಾರಿದಾಗ ಆಗುವ ನಷ್ಟ ತುಂಬಿಕೊಡುವ ಸಹಾಯಧನ ಅದು. ಪ್ರತಿ ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅದರಲ್ಲಿ ಶೇ.80 ಕೇಂದ್ರದ್ದು, ಶೇ.20 ರಾಜ್ಯದ್ದು. ಬದಲಿಗೆ ಕಂಪನಿ ಅರ್ಧದಷ್ಟು ಸೀಟುಗಳನ್ನು ಕಡಿಮೆ ದರಕ್ಕೆ ಕೊಡಬೇಕು. ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂ. ಮಿತಿ ಇತ್ತು.

ಹಳೆಯ, ಬಳಕೆಯಲ್ಲಿಲ್ಲದ ನಿಲ್ದಾಣಗಳ ದುರಸ್ತಿಗೆ ಕೇಂದ್ರ 4,500 ಕೋಟಿ ರೂ. ಇಟ್ಟಿದ್ದು ನಿಜ. ಆದರೆ ಬೇಕಾದ ಜಮೀನು ರಾಜ್ಯದ್ದೇ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಯೂ ರಾಜ್ಯದ್ದೇ. ಚಾಗನೂರಿನಂಥ ಹೊಸ ಜಾಗಕ್ಕೆ 2008ರ ಗ್ರೀನ್‌ಫೀಲ್ಡ್ ನೀತಿ ಬೇರೆ ಇದೆ. ಅದರ ಪ್ರಕಾರ ದೆಹಲಿ ಕೊಡುವುದು ತಾತ್ವಿಕ ಒಪ್ಪಿಗೆ, ದುಡ್ಡು ಹೊಂದಿಸಬೇಕಾದ್ದು ಕಟ್ಟುವವರೇ. ಹಾಗೆ ತಾತ್ವಿಕ ಒಪ್ಪಿಗೆ ಸಿಕ್ಕ 21 ನಿಲ್ದಾಣಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರಿವೆ: ಕಲಬುರಗಿ, ಶಿವಮೊಗ್ಗ, ವಿಜಯಪುರ, ಹಾಸನ.

ಉಡಾನ್ ಹೇಗೆ ಕೆಲಸ ಮಾಡುತ್ತೆ ಅಂತ ಈ ಭಾಗಕ್ಕೆ ಹೊಸದಾಗಿ ಹೇಳಬೇಕಿಲ್ಲ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ ಜಿಂದಾಲ್ ಕಂಪನಿಯ ಸ್ವಂತದ್ದು. 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಅಲ್ಲಿಂದ ಹೈದರಾಬಾದ್, ಬೆಂಗಳೂರಿಗೆ ಉಡಾನ್ ವಿಮಾನ ಶುರು ಮಾಡಿತು. 2022ರ ಫೆಬ್ರವರಿ ಹೊತ್ತಿಗೆ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ವಿಮಾನ ಬರುತ್ತೆ ಅಂತ ಟ್ಯಾಕ್ಸಿ ತೆಗೆದವನಿಗೆ, ಲಾಡ್ಜ್ ಕಟ್ಟಿದವನಿಗೆ ಇದರ ಲೆಕ್ಕ ಗೊತ್ತಿರಬೇಕು. ಸಹಾಯಧನದ ವಿಮಾನ ಮೂರು ವರ್ಷದ ಲೆಕ್ಕ. ಜಮೀನು ಹೋದರೆ ಮೂರು ತಲೆಮಾರಿನ ಲೆಕ್ಕ.

ಅಮೆರಿಕದಲ್ಲಿ ಬೇರೆ ಕ್ರಮ

ಅಮೆರಿಕದಲ್ಲಿ ಸಣ್ಣ ಊರಿನ ನಿಲ್ದಾಣ ಸುಧಾರಣೆಗೆ ಕೇಂದ್ರ ಸರ್ಕಾರದ್ದೇ ಒಂದು ಯೋಜನೆ ಇದೆ, 1982ರಿಂದ ನಡೆದು ಬಂದದ್ದು. ಟಿಕೆಟ್ ಮತ್ತು ಇಂಧನದ ಮೇಲಿನ ತೆರಿಗೆಯಿಂದ ಕೂಡಿದ ನಿಧಿಯಿಂದ ಸಣ್ಣ ನಿಲ್ದಾಣದ ರನ್‌ವೇ ಖರ್ಚಿನ ಶೇ.90ರಷ್ಟು ಅಥವಾ ಹೆಚ್ಚು ಬರುತ್ತೆ. ಆದರೆ ಅಲ್ಲಿ 1970ರಿಂದ ಜಾರಿಯಲ್ಲಿರುವ ಪರಿಸರ ಕಾನೂನಿನ ಪ್ರಕಾರ, ಪರಿಶೀಲನೆ ಮುಗಿಯದೆ ಆ ಕಾಮಗಾರಿಗೆ ಅನುದಾನ ಬಿಡೋ ಹಾಗಿಲ್ಲ. ಹಣದ ಬೀಗ, ಪರಿಸರದ ಬೀಗ ಎರಡಕ್ಕೂ ಒಂದೇ ಕೀಲಿಕೈ. ಅಲ್ಲೂ ತಗಾದೆ ಇಲ್ಲ ಅಂತಲ್ಲ, ವರ್ಷಗಟ್ಟಲೆ ಎಳೆದಾಡಿದ್ದಿದೆ. ಆದರೂ ಮೊದಲು ಕಟ್ಟಿ ಆಮೇಲೆ ಕೇಳುವ ದಾರಿಗೆ ದುಡ್ಡು ಸಿಗೋದು ಕಷ್ಟ.

ಇಲ್ಲಿ ಹಣ ಮಂಜೂರು ಮಾಡುವ ಕಚೇರಿ ಒಂದು, ಪರಿಸರ ನೋಡುವ ಕಚೇರಿ ಇನ್ನೊಂದು. ವಿಜಯಪುರದಲ್ಲಿ ಆಗಿದ್ದು ಅದೇ. ಒಂದು ಕಡತ ಓಡಿತು, ಇನ್ನೊಂದು ಹಿಂದೆ ಬಿತ್ತು.

ಸಂಡೂರಿನ ಜನಕ್ಕೆ ಗೊತ್ತಿರುವ ಸಭೆ

ಪರಿಸರ ಅನುಮತಿಯ ದಾರಿಯಲ್ಲಿ ಹಳ್ಳಿಯವನಿಗೆ ಮೈಕ್ ಸಿಗುವ ಜಾಗ ಒಂದೇ: ಸಾರ್ವಜನಿಕ ಅಹವಾಲು ಸಭೆ. ಶಾಮಿಯಾನ, ಪೊಲೀಸ್ ಬಂದೋಬಸ್ತ್, ವೇದಿಕೆ ಮೇಲೆ ಅಧಿಕಾರಿಗಳು. ಗಣಿ ಮತ್ತು ಕಾರ್ಖಾನೆ ವಿಸ್ತರಣೆ ಅಂತ ಸಂಡೂರು ತಾಲ್ಲೂಕು ಇಂಥವನ್ನು ಬೇಕಾದಷ್ಟು ಕಂಡಿದೆ. ವಿಮಾನ ನಿಲ್ದಾಣಕ್ಕೂ ನಿಯಮ ಅದೇ:

• ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರದ್ದು.

• ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು.

• ಸಭೆ ಪೂರ್ತಿ ವಿಡಿಯೋ ಆಗಬೇಕು. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು.

• ಸಭೆಗೆ ಬರಲಾಗದವರು ಲಿಖಿತವಾಗಿ ಆಕ್ಷೇಪಣೆ ಕೊಡಬಹುದು.

• ಇಷ್ಟೇ ಜನ ಸೇರಬೇಕು ಅನ್ನೋ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ಆಯಿತು ಅಂತಲೇ ಲೆಕ್ಕ.

ಕೊನೆಯ ಅಂಶವೇ ಅಪಾಯದ್ದು. ಯಾರೂ ಹೋಗದಿದ್ದರೆ "ಆಕ್ಷೇಪಣೆ ಬರಲಿಲ್ಲ" ಅಂತ ಕಡತದಲ್ಲಿ ಕೂರುತ್ತೆ.

ಬಳ್ಳಾರಿಗೆ ಇನ್ನೊಂದು ಮಾತು. ಅಧ್ಯಯನ ವರದಿಗೆ ಬಳಸುವ ಗಾಳಿ, ನೀರು, ಶಬ್ದದ ಮಾಹಿತಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. 2010ರ ಹೊತ್ತಿನ ಲೆಕ್ಕ ತೋರಿಸಿ ಇವತ್ತು ಕೆಲಸ ಶುರು ಮಾಡೋಕೆ ಬರಲ್ಲ. ಅಂದಿನಿಂದ ಇಂದಿಗೆ 2011ರ ಗಣಿ ನಿಷೇಧ ಬಂದು ಹೋಗಿದೆ, ಗಣಿಗಳು ಮತ್ತೆ ತೆರೆದಿವೆ, ಉಕ್ಕಿನ ಕಾರ್ಖಾನೆ ಬೆಳೆದಿದೆ. ಗಾಳಿಯ ಧೂಳು ಎಷ್ಟು, ಕಾಲುವೆ ನೀರು ಎತ್ತ ಹರಿಯುತ್ತೆ ಅಂತ ಹೊಸದಾಗಿ ಅಳೆಯಲೇಬೇಕು.

ಅಂಗಡಿಯವರು ಕೇಳಬೇಕಾದ್ದು

ಏರ್‌ಪೋರ್ಟ್ ಬಂದರೆ ವ್ಯಾಪಾರ ಏರುತ್ತೆ ಅನ್ನೋದು ನಿರೀಕ್ಷೆ. ಜತೆಗೆ ಬರುವ ನಿಯಮಗಳ ಬಗ್ಗೆ ಮಾತು ಕಡಿಮೆ.

ನಿಲ್ದಾಣದಿಂದ 10 ಕಿ.ಮೀ. ಸುತ್ತ ಹಕ್ಕಿಗಳನ್ನು ಸೆಳೆಯುವ ಹಾಗೆ ಬಯಲಲ್ಲಿ ಪ್ರಾಣಿ ವಧೆ ಮಾಡೋದು, ಕಸ ಸುರಿಯೋದು ವಿಮಾನ ನಿಯಮದಲ್ಲಿ ನಿಷಿದ್ಧ. ಮಾಂಸದ ಅಂಗಡಿಯವರು, ಕಸ ಎಲ್ಲಿ ಹಾಕಬೇಕು ಅಂತ ಯೋಚಿಸುವ ಪಂಚಾಯಿತಿಯವರು ಇದನ್ನು ಈಗಲೇ ಕೇಳಬೇಕು. 20 ಕಿ.ಮೀ. ವರೆಗೆ ಕಟ್ಟಡದ ಎತ್ತರಕ್ಕೆ ಮಿತಿ ಬರುತ್ತೆ. ಮೊಬೈಲ್ ಟವರ್, ಎತ್ತರದ ಕಾಂಪ್ಲೆಕ್ಸ್, ಕಾರ್ಖಾನೆ ಚಿಮಣಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ನಕ್ಷೆ ನೋಡಬೇಕಾಗುತ್ತೆ.

ರೈತರದ್ದು ಬೇರೆ ಪ್ರಶ್ನೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣದ ರನ್‌ವೇ 3.2 ಕಿ.ಮೀ. ಉದ್ದ. ಅಷ್ಟು ಉದ್ದದ ಕಾಂಕ್ರೀಟ್ ಮತ್ತು ಕಾಂಪೌಂಡ್ ಎರೆ ಭೂಮಿಯ ಮಧ್ಯೆ ಬಂದರೆ ಮಳೆ ನೀರು ಯಾವ ಹಳ್ಳಕ್ಕೆ ಹೋಗುತ್ತೆ? ಕಾಲುವೆ, ಬಂಡಿ ದಾರಿ ಎಲ್ಲಿ ತಿರುಗುತ್ತೆ? ಇವಕ್ಕೆಲ್ಲ ಉತ್ತರ ಬರೆದಿಡಬೇಕಾದ ಕಾಗದವೇ ಪರಿಸರ ವರದಿ. ಅದನ್ನು ಓದುವವರು ಇದನ್ನು ಮರಗಿಡದ ವಿಷಯ ಅಂತ ಪಕ್ಕಕ್ಕೆ ಇಟ್ಟರೆ ನಷ್ಟ ಊರಿನದ್ದೇ.

ಕಾಗದದ ಬೆಲೆ ದೋಣಿಮಲೈಗೆ ಗೊತ್ತು

ಒಂದು ಕಡತ ಬಗೆಹರಿಯದಿದ್ದರೆ ಊರು ಹೇಗೆ ನಿಲ್ಲುತ್ತೆ ಅಂತ ದೋಣಿಮಲೈ ಕಂಡಿದೆ. ಗಣಿ ಗುತ್ತಿಗೆ ಮುಂದುವರಿಸಲು ರಾಜ್ಯ ಸರ್ಕಾರ ಶೇ.80 ಪ್ರೀಮಿಯಂ ಕೇಳಿತು, ಎನ್‌ಎಂಡಿಸಿ ಒಪ್ಪಲಿಲ್ಲ. 2018ರ ನವೆಂಬರ್‌ನಲ್ಲಿ ನಿಂತ ಗಣಿ ಮತ್ತೆ ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ. ಕೇಂದ್ರ ಸರ್ಕಾರದ ಕಂಪನಿ, ಸಿದ್ಧ ಯಂತ್ರ, ಸಿದ್ಧ ಕೆಲಸಗಾರರು, ಬೆಟ್ಟದಲ್ಲಿ ಅದಿರು, ಎಲ್ಲ ಇದ್ದೂ ಎರಡು ವರ್ಷದ ಮೇಲೆ ಕೆಲಸ ಇಲ್ಲ. ಅದು ಪರಿಸರದ ತಕರಾರಲ್ಲ, ದುಡ್ಡಿನ ತಕರಾರು. ಆದರೆ ಪಾಠ ಒಂದೇ: ಮೊದಲೇ ಬಗೆಹರಿಸದ ವಿಷಯ ಆಮೇಲೆ ಎಲ್ಲವನ್ನೂ ನಿಲ್ಲಿಸುತ್ತೆ.

"ಪರಿಸರದವರಿಂದಲೇ ಅಭಿವೃದ್ಧಿ ಲೇಟು" ಅನ್ನುವವರು ವಿಜಯಪುರದ ತಾರೀಖುಗಳನ್ನು ಒಮ್ಮೆ ನೋಡಬೇಕು. ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2021ರಲ್ಲಿ. ಅದಕ್ಕೂ ಮುಂಚೆಯೇ ಅನುಮತಿಯ ಅರ್ಜಿ ಹಾಕಿ, ಅಹವಾಲು ಸಭೆ ಮುಗಿಸಿದ್ದರೆ ಸುಪ್ರೀಂ ಕೋರ್ಟಿನ ಯಾವ ತಡೆಯೂ ಆ ರನ್‌ವೇಯನ್ನು ಮುಟ್ಟುತ್ತಿರಲಿಲ್ಲ. ತಡವಾಗಿದ್ದು ನಿಯಮದಿಂದಲ್ಲ, ನಿಯಮ ದಾಟಿದ್ದರಿಂದ.

ಬಳ್ಳಾರಿ ಯೋಜನೆಗೆ ಮತ್ತೆ ಗುದ್ದಲಿ ಪೂಜೆ ದಿನ ಬಂದರೆ, ವೇದಿಕೆ ಮೇಲಿನವರಿಗೆ ಮೂರು ಪ್ರಶ್ನೆ ಸಾಕು. ಪರಿಸರ ಅನುಮತಿ ಪತ್ರ ಕೈಯಲ್ಲಿದೆಯಾ? ಅಹವಾಲು ಸಭೆ ಯಾವ ತಾರೀಖು, ಯಾವ ಊರಲ್ಲಿ ನಡೀತು? ಸಹಾಯಧನದ ಮೂರು ವರ್ಷ ಮುಗಿದ ಮೇಲೆ ವಿಮಾನ ಯಾರ ದುಡ್ಡಲ್ಲಿ ಹಾರುತ್ತೆ? ಜಮೀನು ಕೊಟ್ಟ ಚಾಗನೂರು, ಸಿರಿವಾರದ ರೈತರು ಇಷ್ಟು ವರ್ಷ ಕಾದಿದ್ದಾರೆ. ಕನಿಷ್ಠ ಈ ಮೂರಕ್ಕಾದರೂ ಬರಹದಲ್ಲಿ ಉತ್ತರ ಅವರಿಗೆ ಸಿಗಬೇಕು.