ಆಟಿಕೆಯ ದಿನಗಳೂ ಜಾತ್ರೆಯ ವ್ಯಾಪಾರವೂ

ಬಾಲ್ಯದ ಆಟದ ವಸ್ತುವೊಂದಕ್ಕೆ ವರ್ಷದಲ್ಲೊಂದು ದಿನವನ್ನು ಮೀಸಲಿಡುವ ರೂಢಿ ಅಮೆರಿಕದಲ್ಲಿ ವ್ಯಾಪಕವಾಗಿದೆ. ಜೂನ್ 6 ಅಲ್ಲಿ ಯೋ-ಯೋ ದಿನ. ಅದು ಡೊನಾಲ್ಡ್ ಡಂಕನ್ ಎಂಬ ಉದ್ಯಮಿಯ ಜನ್ಮದಿನ. ದಾರದ ತುದಿಯಲ್ಲಿ ಏರಿಳಿಯುವ ಈ ಆಟಿಕೆಯನ್ನು 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಿಸತೊಡಗಿದವರು ಫಿಲಿಪ್ಪೀನ್ಸ್ ಮೂಲದ ಪೆಡ್ರೊ ಫ್ಲೋರೆಸ್. ಆ ಉದ್ಯಮವನ್ನು ಕೊಂಡು ಬೆಳೆಸಿದವರು ಡಂಕನ್. ದಿನಾಚರಣೆಗೆ ದೊರೆತದ್ದು ಮಾಡಿದವರ ಜನ್ಮದಿನವಲ್ಲ, ಮಾರಿದವರದು. ವಿಶ್ವಸಂಸ್ಥೆಯೂ 2024ರಲ್ಲಿ ಜೂನ್ 11ನ್ನು ಅಂತರರಾಷ್ಟ್ರೀಯ ಆಟದ ದಿನವೆಂದು ಘೋಷಿಸಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಇಂತಹ ದಿನಗಳನ್ನು ಹೊಸದಾಗಿ ಸೃಷ್ಟಿಸುವ ಅಗತ್ಯವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಪೂಜೆಗೊಂಡ ಜೋಡೆತ್ತುಗಳು ಮರುದಿನ ಮಕ್ಕಳ ಕೈಸೇರುತ್ತವೆ. ನಾಗರಪಂಚಮಿ ಎಂದರೆ ಜೋಕಾಲಿ, ದಾರ ಪೋಣಿಸಿ ತಿರುಗಿಸುವ ಕೊಬ್ಬರಿ ಬಟ್ಟಲು. ಇವುಗಳಲ್ಲಿ ಹಣದ ಚಲಾವಣೆ ಅಲ್ಪ. ಕುಂಬಾರನಿಗೆ ಒಂದು ದಿನದ ಸಂಪಾದನೆ, ಅಷ್ಟೇ. ನಿಜವಾದ ವಹಿವಾಟು ನಡೆಯುವುದು ಮಾಘದಲ್ಲಿ ಜರುಗುವ ಕೊಟ್ಟೂರೇಶ್ವರ ರಥೋತ್ಸವದಲ್ಲಿ ಹಾಗೂ ಭರತ ಹುಣ್ಣಿಮೆಯ ಮೈಲಾರದ ಕಾರಣಿಕದಲ್ಲಿ. ಜಾತ್ರೆಗೆ ಹೋದ ಮಗು ಬರಿಗೈಯಲ್ಲಿ ಮರಳುವುದುಂಟೆ?

ಆ ಕೈಯಲ್ಲಿರುವುದು ಬಹುಮಟ್ಟಿಗೆ ಪ್ಲಾಸ್ಟಿಕ್ ಸರಕು. ಕೇಂದ್ರ ಸರಕಾರವು ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಈ ಆದೇಶದಲ್ಲಿ ವರ್ತಕರ ಗಮನಕ್ಕೆ ಬರಬೇಕಾದ ಸೂಕ್ಷ್ಮವೊಂದಿದೆ. ಕೈಯಿಂದ ತಯಾರಾದುದೆಂಬ ಒಂದೇ ಕಾರಣಕ್ಕೆ ಯಾವ ಆಟಿಕೆಗೂ ವಿನಾಯಿತಿ ಇಲ್ಲ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚಿಯಡಿ ನೋಂದಣಿಯಾದ ಉತ್ಪನ್ನಗಳ ಅಧಿಕೃತ ಬಳಕೆದಾರರಿಗೆ ಮಾತ್ರ ಅದು ಲಭ್ಯ. ಚನ್ನಪಟ್ಟಣದ ಬೊಂಬೆಗೂ ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗೂ ಆ ಮಾನ್ಯತೆ ಇದೆ. ಬೇವಿನ ಮರದಲ್ಲಿ ಮೂರು ಗಾಲಿಯ ನಡೆಗಾಡಿ ಮಾಡುವ ಹಳ್ಳಿಯ ಬಡಗಿಗೆ ಯಾವ ಮಾನ್ಯತೆಯೂ ಇಲ್ಲ. ಆತ ನೋಂದಾಯಿಸಿಕೊಳ್ಳದಿದ್ದಲ್ಲಿ, ಅವನ ಗಾಡಿಯನ್ನು ಅಂಗಡಿಯಲ್ಲಿಟ್ಟು ಮಾರುವ ವರ್ತಕನೂ ಕಾಯಿದೆಯ ಕ್ರಮಕ್ಕೆ ಗುರಿಯಾಗಬಲ್ಲ. ಪರದೇಶದ ಅಗ್ಗದ ಸರಕನ್ನು ತಡೆಯಲೆಂದು ಬಂದ ಆದೇಶ ಊರಿನ ಬಡಗಿಯನ್ನೇ ಹೊರಗಿಡುವುದು ವಿಪರ್ಯಾಸವೇ ಸರಿ. ತೆರಿಗೆಯ ಕಡೆಯಿಂದ ಮಾತ್ರ ಅನುಕೂಲವಾಗಿದೆ: 2025ರ ಸೆಪ್ಟೆಂಬರ್ 22ರಿಂದ ಮರದ ಆಟಿಕೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ.

ಹಳೆಯ ಆಟಗಳ ಬಗ್ಗೆ ಸಭೆಗಳಲ್ಲಿ ಹಾತೊರೆಯುವವರು ಅನೇಕರು. ಲಗೋರಿ, ಬುಗುರಿಗಳ ಹೆಸರಿನಲ್ಲಿ ದಿನಾಚರಣೆ ನಡೆಸಿ, ಶಾಲು ಹೊದಿಸಿ ಮುಗಿಸುವುದು ಸುಲಭ. ಅದರಿಂದ ಬುಗುರಿ ಮಾಡುವವನಿಗೆ ಒಂದು ಗಿರಾಕಿಯೂ ಹೆಚ್ಚುವುದಿಲ್ಲ. ಅದೇ ವೆಚ್ಚದಲ್ಲಿ ವಾಣಿಜ್ಯ ಸಂಸ್ಥೆಗಳು ರಥೋತ್ಸವಕ್ಕೆ ಮೂರು ತಿಂಗಳು ಮುಂಚೆ ಕೊಟ್ಟೂರಿನಲ್ಲಿ ಶಿಬಿರವೊಂದನ್ನು ಏರ್ಪಡಿಸಿ, ಬಡಗಿ-ಕುಂಬಾರರಿಗೆ ಕುಶಲಕರ್ಮಿ ಗುರುತಿನ ಚೀಟಿಗೆ ಅರ್ಜಿ ಹಾಕಿಸಬಹುದು. ಜಾತ್ರೆಯ ಅಂಗಡಿ ಸಾಲಿನಲ್ಲಿ ಅವರಿಗೂ ಕಿನ್ನಾಳದವರಿಗೂ ಕೆಲವು ಮಳಿಗೆಗಳನ್ನು ಕಾದಿರಿಸುವಂತೆ ಕೋರಬಹುದು. ಅರ್ಜಿಗೆ ಆಧಾರ್ ಚೀಟಿ, ಭಾವಚಿತ್ರ ಹಾಗೂ ಕಸುಬಿನ ವಿವರಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡರೆ ಶಿಬಿರಕ್ಕೆ ಒಂದು ದಿನ ಸಾಕು.